ಹಿಂಬದಿಗೆ ಸೀಲೇ ಇಲ್ಲದ ಎಂಜಿನ್: ಕುಮಟಾ ಬದಿಯ ಒಂದು ಅಂಬಾಸಿಡರ್ ಪ್ರಕರಣ

ಅಪ್ಪಯ್ಯನ ಅಂಬಾಸಿಡರ್ ನಿಲ್ಲುವ ಮಾಡಿನಲ್ಲಿ, ಎಂಜಿನ್ನಿನ ಹಿಂಭಾಗ ಬರುವ ಕಡೆ, ಯಾವಾಗಲೂ ಒಂದು ಹಾಳೆಕೊಟ್ಟೆ (ಅಡಿಕೆ ಹಾಳೆಯ ಬಟ್ಟಲು) ಇರುತ್ತಿತ್ತು. ರಾತ್ರಿಯಿಡೀ ಅದಕ್ಕೆ ತೊಟ್ಟಿಕ್ಕಿದ ಎಣ್ಣೆಯನ್ನು ಬೆಳಿಗ್ಗೆ ಬಾಟಲಿಗೆ ಸುರಿದಿಟ್ಟು ಗೇಟಿನ ತಿರುಗಣಿಗೆ, ಬಾವಿಯ ಗಾಲಿಗೆ, ತೋಟದ ಗರಗಸಕ್ಕೆ ಹಚ್ಚುತ್ತಿದ್ದ. ಸೋರುವುದನ್ನು ನಿಲ್ಲಿಸಬೇಕೆಂದು ಅವನಿಗೆ ಒಂದು ದಿನವೂ ಅನ್ನಿಸಿದ್ದಿಲ್ಲ. "ಅದರ ಜಾತಕದಲ್ಲೇ ಬರದ್ದು ತಮಾ, ಬಿಡು ಅತ್ಲಾಗೆ" ಎನ್ನುತ್ತಿದ್ದ. ಆ ಮಾತು ಅರ್ಧ ನಿಜವೆಂದು ನನಗೆ ಗೊತ್ತಾಗಲು ಒಂದು ವರ್ಷವೂ ಐವತ್ತು ಸಾವಿರ ರೂಪಾಯಿಯೂ ಹಿಡಿದವು.

ಕಾರು 1984ರ ಮಾರ್ಕ್ 4, ಪೆಟ್ರೋಲ್. ಎಂಜಿನ್ 1489 ಸಿಸಿ, ನಾಲ್ಕು ಸಿಲಿಂಡರ್. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ವಿನ್ಯಾಸ, ಹಿಂದೂಸ್ತಾನ್ ಮೋಟರ್ಸ್‌ನವರು ಉತ್ತರಪಾರಾದಲ್ಲಿ ಮಾಡಿದ್ದು. ಸಿಲಿಂಡರುಗಳಿರುವ ಬ್ಲಾಕು, ಅದರ ಮೇಲೆ ಮುಚ್ಚುವ ಹೆಡ್ಡು, ಎರಡೂ ಬೀಡುಕಬ್ಬಿಣ. ನಮ್ಮ ಮನೆಗೆ ಸೆಕೆಂಡ್ ಹ್ಯಾಂಡಾಗಿ ಬಂದದ್ದು 1991ರಲ್ಲಿ. 2009ರವರೆಗೆ ಓಡಿ, ಆಮೇಲೆ ಹದಿನಾಲ್ಕು ವರ್ಷ ತಾಡಪಾಲಿನ ಅಡಿ ಮಲಗಿತ್ತು. ಮನೆ ಇರುವುದು ಅಘನಾಶಿನಿ ಹೊಳೆಯ ಗಜನಿಗೆ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ, ತಾಗಿ. ಬೇಸಿಗೆಯಲ್ಲಿ ಬಾವಿ ನೀರು ಸವುಳು (ಉಪ್ಪುಪ್ಪು) ಆಗುತ್ತದೆ, ಮಳೆಗಾಲದಲ್ಲಿ ಗೋಡೆಯ ಮೊಳೆಗೂ ತುಕ್ಕು ಬರುತ್ತದೆ. ಈ ಎರಡೂ ಸಂಗತಿ ಮುಂದೆ ಬರುತ್ತವೆ.

ನಾನು ಪಂಪ್‌ಸೆಟ್ ಕೆಲಸದವ. ಮೋಟರ್ ವೈಂಡಿಂಗ್, ಬೇರಿಂಗ್, ಗ್ಲ್ಯಾಂಡ್ ಪ್ಯಾಕಿಂಗ್ (ಪಂಪಿನ ಶಾಫ್ಟಿನ ಸುತ್ತ ನೀರು ಸೋರದಂತೆ ತುಂಬುವ ಹಗ್ಗ) ಇವೆಲ್ಲ ಕೈಗೆ ಹತ್ತಿದ ಕೆಲಸ. ಕಾರಿನ ಎಂಜಿನ್ ಬಿಚ್ಚಿದ್ದು ಇದೇ ಮೊದಲು. ಜೊತೆಗಿದ್ದವರು ಒಂದು ಕಾಲದಲ್ಲಿ ಈ ಭಾಗದ ಟ್ಯಾಕ್ಸಿ ಅಂಬಾಸಿಡರುಗಳಿಗೆಲ್ಲ ಕೈ ಹಾಕಿದ್ದ ಒಬ್ಬ ಹಳೇ ಮೇಸ್ತ್ರಿ. ಈಗ ಕಣ್ಣು ಮಂದ, ಕಿವಿ ಚುರುಕು.

ಮೊದಲ ಸುತ್ತು: ಪ್ಯಾಕಿಂಗ್ ಬದಲಿಸಿದರೆ ಆಯಿತು ಅಂದುಕೊಂಡದ್ದು

2023ರ ನವೆಂಬರಿನಲ್ಲಿ ಕಾರು ಎಬ್ಬಿಸುವ ಹುಕಿ ಬಂತು. ಹೊಸ ಬ್ಯಾಟರಿ, ಹೊಸ ಪ್ಲಗ್ಗು, ತೊಳೆದ ಟ್ಯಾಂಕು, ಹೊಸ ಪೆಟ್ರೋಲ್. ಸೆಲ್ಫ್ ಹೊಡೆದರೆ ಎಂಜಿನ್ ಮಿಸುಕಲಿಲ್ಲ. ಕಾರನ್ನು ಗೇರಿಗೆ ಹಾಕಿ, ನಾಲ್ಕು ಜನ ಸೇರಿ ಹಿಂದೆ ಮುಂದೆ ಅಲ್ಲಾಡಿಸಿ ಬಿಡಿಸಿದೆವು. ಕರ್ರ್ ಎಂದು ಒಂದು ಸದ್ದಾಗಿ ತಿರುಗಿತು. ಆ ಸದ್ದಿಗೆ ನಾವು ಚಪ್ಪಾಳೆ ತಟ್ಟಿದ್ದೆವು. ಅದು ಏನಾಗಿತ್ತೆಂದು ತಿಳಿದದ್ದು ಆರು ತಿಂಗಳ ನಂತರ.

ಎಂಜಿನ್ ಶುರುವಾದ ಮೇಲೆ ಹಳೇ ದೂರೇ ಎದುರಾಯಿತು, ಈ ಸಲ ಇಮ್ಮಡಿಯಾಗಿ. ಹಾಳೆಕೊಟ್ಟೆ ಒಂದೇ ರಾತ್ರಿಗೆ ತಳ ಮುಚ್ಚುವಷ್ಟು ಎಣ್ಣೆ. ನಾನು ಪಂಪಿನವನ ಬುದ್ಧಿ ಓಡಿಸಿದೆ: ಸೋರುವುದೆಂದರೆ ಪ್ಯಾಕಿಂಗ್ ಹೋಗಿದೆ. ವಾಲ್ವ್ ಕವರಿನ ಕಾರ್ಕ್, ಪಕ್ಕದ ಎರಡು ಟ್ಯಾಪೆಟ್ ಕವರುಗಳ ಕಾರ್ಕ್, ಕೆಳಗೆ ಎಣ್ಣೆ ನಿಲ್ಲುವ ಚೇಂಬರಿನ ಪ್ಯಾಕಿಂಗ್, ಎಲ್ಲ ಹೊಸತು ಹಾಕಿದೆ. ಒಂದು ವಾರ ನೆಲ ಒಣಗಿತ್ತು. ನಲವತ್ತು ದಿನಕ್ಕೆ ಕೊಟ್ಟೆ ಮತ್ತೆ ತುಂಬಿತು. ಅಷ್ಟೇ ಅಲ್ಲ, ಮೊದಲು ಒಣಗಿದ್ದ ಟ್ಯಾಪೆಟ್ ಕವರಿನ ಅಂಚಿನಲ್ಲೂ ಈಗ ಬೆವರು.

ಈ ನಡುವೆ ಒಂದು ಸಲ ಶಿರಸಿಗೆ ಹೋಗಿ ಬಂದೆವು, ಸುಮಾರು 60 ಕಿಲೋಮೀಟರ್ ದಾರಿ. ಮೇಸ್ತ್ರಿ ಪಕ್ಕದಲ್ಲಿ ಕೂತಿದ್ದರು. ದೇವಿಮನೆ ಘಟ್ಟ ಇಳಿಯುವಾಗ, "ಈಗ ಎಕ್ಸಲೇಟರ್ ಬಿಡು. ಎರಡು ತಿರುವು ಹಾಗೇ ಇಳಿ. ಆಮೇಲೆ ಒಮ್ಮೆ ಒತ್ತು, ಕನ್ನಡೀಲಿ ಹಿಂದೆ ನೋಡು" ಎಂದರು. ಒತ್ತಿದೆ. ಹಿಂದೆ ನೀಲಿ ಹೊಗೆಯ ಮುದ್ದೆ. ಎಕ್ಸಲೇಟರ್ ಬಿಟ್ಟು ಇಳಿಯುವಾಗ ಇನ್‌ಲೆಟ್ ಪೈಪಿನಲ್ಲಿ ಎಳೆತ ಜೋರಾಗಿರುತ್ತದೆ. ವಾಲ್ವ್ ಗೈಡ್ ಸವೆದಿದ್ದರೆ, ವಾಲ್ವಿನ ಕಡ್ಡಿಯ ರಬ್ಬರ್ ರಿಂಗು ಗಟ್ಟಿಯಾಗಿದ್ದರೆ ಮೇಲಿನ ಎಣ್ಣೆಯನ್ನು ಆ ಎಳೆತ ಸಿಲಿಂಡರಿಗೆ ಹೀರಿಕೊಳ್ಳುತ್ತದೆ. ಘಟ್ಟದ ಬುಡದಲ್ಲಿ ಎಕ್ಸಲೇಟರ್ ಒತ್ತಿದಾಗ ಅದು ಉರಿಯುತ್ತದೆ. ಏರು ಹತ್ತುವಾಗಿನ ಹೊಗೆ ಬೇರೆ, ಅದು ಪಿಸ್ಟನ್ನಿನ ಸುತ್ತ ಇರುವ ಕಬ್ಬಿಣದ ರಿಂಗಿನದ್ದು. ನಮ್ಮ ಕಾರಿಗೆ ಎರಡೂ ಇತ್ತು. ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದರೆ ಈ ಎರಡು ಹೊಗೆ ಬೇರೆಬೇರೆಯಾಗಿ ಕಾಣುವುದಿಲ್ಲ, ಅದಕ್ಕೆ ಘಟ್ಟವೇ ಬೇಕು.

ನೀರಿನ ನಳಿಕೆ ಹೇಳಿದ್ದು

ಮನೆಗೆ ಬಂದು ಮೇಸ್ತ್ರಿ ಎಣ್ಣೆ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದರು. ಅಂಗೈಗೆ ಪುಸುಪುಸು ಬಿಸಿಗಾಳಿ. "ಕಾರ್ಕ್ ಅಲ್ಲ ತಮಾ ಸೋರೂದು. ಇಂಜಿನ್ನಿಗೆ ಉಸಿರು ಕಟ್ಟೀದೆ."

ಇಲ್ಲಿ ಈ ಎಂಜಿನ್ನಿನ ಒಂದು ಗುಟ್ಟು ಹೇಳಬೇಕು. ಈಗಿನ ಎಂಜಿನ್ನುಗಳಲ್ಲಿ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಹಿಂತುದಿಗೆ ತುಟಿ ಇರುವ ರಬ್ಬರ್ ಸೀಲ್ ಇರುತ್ತದೆ. ಮೂರು ಮೇನ್ ಬೇರಿಂಗುಗಳ ಮೇಲೆ ಕ್ರ್ಯಾಂಕು ಕೂರುವ ಈ ಹಳೇ ಎಂಜಿನ್ನಿನಲ್ಲಿ ಅದು ಇಲ್ಲವೇ ಇಲ್ಲ. ಅಂಗಡಿಗೆ ಹೋಗಿ ಹಿಂದಿನ ಸೀಲ್ ಕೊಡಿ ಎಂದರೆ ಕೊಡಲು ಕಂಪನಿ ಅಂಥ ಬಿಡಿಭಾಗವನ್ನೇ ಮಾಡಿಲ್ಲ. ಇರುವುದು ಕ್ರ್ಯಾಂಕಿನ ಹಿಂಭಾಗದಲ್ಲಿ ಕೊರೆದ ಒಂದು ಸುರುಳಿ, ಸ್ಕ್ರೂವಿನ ಥ್ರೆಡ್ಡಿನಂಥದ್ದು. ಕ್ರ್ಯಾಂಕ್ ತಿರುಗುವಾಗ ಆ ಸುರುಳಿ ಹೊರಗೆ ಹೊರಟ ಎಣ್ಣೆಯನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಸುರುಳಿಗೂ ಸುತ್ತಲಿನ ಬ್ಲಾಕಿಗೂ ನಡುವೆ ಕೂದಲೆಳೆಯ ಸಂದು. ಅದು ಲೋಹಕ್ಕೆ ಲೋಹ ತಾಗದ ಹಾಗೆ ಉಳಿಯಬೇಕು, ಎಣ್ಣೆ ದಾಟದಷ್ಟು ಚಿಕ್ಕದಾಗಿಯೂ ಇರಬೇಕು. ನಮ್ಮ ಪಂಪಿನ ಗ್ಲ್ಯಾಂಡಿನ ಲೆಕ್ಕವೇ ಹೆಚ್ಚುಕಡಿಮೆ ಇದು: ಪೂರಾ ಬಿಗಿದರೆ ಶಾಫ್ಟು ಸುಡುತ್ತದೆ, ನಿಮಿಷಕ್ಕೆ ಇಷ್ಟು ಹನಿ ಬೀಳಬೇಕು.

ಸುರುಳಿಗೆ ತಡೆಯುವ ಶಕ್ತಿ ಕಡಿಮೆ. ಎಂಜಿನ್ನಿನ ಹೊಟ್ಟೆಯೊಳಗೆ ಗಾಳಿಯ ಒತ್ತಡ ಸ್ವಲ್ಪ ಏರಿದರೂ ಅದು ಸೋಲುತ್ತದೆ. ಪಿಸ್ಟನ್ ರಿಂಗಿನ ಪಕ್ಕದಿಂದ ಒಂದಿಷ್ಟು ಉರಿದ ಗಾಳಿ ಕೆಳಗೆ ನುಸುಳುವುದು ಹೊಸ ಎಂಜಿನ್ನಿನಲ್ಲೂ ಇದ್ದದ್ದೇ. ಅದು ಹೊರಹೋಗಲು ಎರಡು ದಾರಿ: ಮುಂದಿನ ಟ್ಯಾಪೆಟ್ ಕವರಿನಿಂದ ಕೆಳಕ್ಕಿಳಿಯುವ ಬ್ರೀದರ್ ಪೈಪು, ಮತ್ತು ವಾಲ್ವ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ರಬ್ಬರ್ ಪೈಪು.

ಒತ್ತಡ ಎಷ್ಟಿದೆಯೆಂದು ಅಂಗೈಯಲ್ಲಿ ಅಳೆದರೆ ಸಾಲದು ಅನ್ನಿಸಿತು. ಪಾರದರ್ಶಕ ಪ್ಲಾಸ್ಟಿಕ್ ನಳಿಕೆ ಮೂರು ಅಡಿ ತಂದು, ಹಲಗೆಗೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿಸಿ ಕಟ್ಟಿ, ಅರ್ಧ ನೀರು ತುಂಬಿದೆ. ಒಂದು ತುದಿಯನ್ನು ಎಣ್ಣೆ ನೋಡುವ ಕಡ್ಡಿಯ ತೂತಿಗೆ ಸಿಕ್ಕಿಸಿದೆ. ಮೂವತ್ತು ರೂಪಾಯಿಯ ಸಾಮಾನು. ನಿಧಾನ ಓಟದಲ್ಲೇ ಎರಡು ಬದಿಯ ನೀರಿಗೆ 11 ಸೆಂಟಿಮೀಟರ್ ವ್ಯತ್ಯಾಸ. ಅಂದರೆ ಹೊಟ್ಟೆ ಉಬ್ಬರಿಸಿ ಕೂತಿದೆ. ಹೊಸ ಕಾರ್ಕ್ ಹಾಕಿದ್ದರಿಂದ ಮೊದಲು ಅಲ್ಲಿ ಇಲ್ಲಿ ನುಸುಳುತ್ತಿದ್ದ ಗಾಳಿಗೂ ದಾರಿ ಮುಚ್ಚಿ, ಹಿಂದಿನ ಸುರುಳಿಯ ಮೇಲೇ ಎಲ್ಲ ಭಾರ ಬಿದ್ದಿತ್ತು. ನನ್ನ ಮೊದಲ ರಿಪೇರಿ ರೋಗ ಹೆಚ್ಚಿಸಿತ್ತು.

ಬ್ರೀದರ್ ಪೈಪು ಬಿಚ್ಚಿ ಊದಿದರೆ ಉಸಿರು ದಾಟಲಿಲ್ಲ. ತಂತಿ ಹಾಕಿ ಕೆದಕಿದಾಗ ಕೆಂಪು ಮಣ್ಣಿನ ಉಂಡೆಗಳು ಉದುರಿದವು, ಜೊತೆಗೆ ಒಣಗಿದ ಜೇಡದ ಕಾಲುಗಳು. ಕುಂಬಾರ ಹುಳ! ಹದಿನಾಲ್ಕು ವರ್ಷದಲ್ಲಿ ಎಷ್ಟು ತಲೆಮಾರು ಅಲ್ಲಿ ಸಂಸಾರ ಮಾಡಿತ್ತೋ. ಮೇಲಿನ ರಬ್ಬರ್ ಪೈಪು ಹೊರಗಿನಿಂದ ಸರಿಯಾಗಿಯೇ ಕಾಣುತ್ತಿತ್ತು, ಒಳಗೆ ಎಣ್ಣೆ ಕುಡಿದು ಉಬ್ಬಿ ಪೆನ್ಸಿಲ್ ಹೋಗದಷ್ಟು ಕಿರಿದಾಗಿತ್ತು. ಎರಡನ್ನೂ ಸರಿ ಮಾಡಿ ಅಳೆದರೆ 4 ಸೆಂಟಿಮೀಟರ್. ಸೋರುವುದು ಅರ್ಧಕ್ಕಿಂತ ಕಡಿಮೆಯಾಯಿತು.

ಇಲ್ಲೇ ನಿಲ್ಲಿಸಬಹುದಿತ್ತೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಎಣ್ಣೆ ಮಾತ್ರ ತೊಂದರೆಯಾಗಿದ್ದರೆ ಹೌದು. ಆದರೆ ಉಳಿದ 4 ಸೆಂಟಿಮೀಟರ್ ಎಲ್ಲಿಂದ ಬಂತು? ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ಗು ಬಿಚ್ಚಿ, ಎಕ್ಸಲೇಟರ್ ಪೂರ್ತಿ ಒತ್ತಿ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಅದುಮಿದಾಗಿನ ಒತ್ತಡ, ಅಳೆದೆವು: ಒಂದರಿಂದ ನಾಲ್ಕರವರೆಗೆ 118, 112, 84, 96 ಪಿಎಸ್‌ಐ. ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆದಾಗ 128, 125, 122, 98. ಎಣ್ಣೆ ಬಿಟ್ಟ ಕೂಡಲೇ ಮೂರನೆಯದು ಏರಿತು, ಅಂದರೆ ಎಣ್ಣೆ ತಾತ್ಕಾಲಿಕವಾಗಿ ಮುಚ್ಚಿದ ಸಂದು ರಿಂಗಿನದ್ದು. ನಾಲ್ಕನೆಯದು ಏರಲಿಲ್ಲ, ಅಲ್ಲಿ ಗಾಳಿ ಹೋಗುವುದು ಮೇಲಿನಿಂದ, ವಾಲ್ವಿನಿಂದ. ಜೊತೆಗೆ 300 ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆ ಕುಡಿಯುತ್ತಿತ್ತು. ಬಿಚ್ಚದೆ ಗತಿ ಇರಲಿಲ್ಲ.

ಕೊಟ್ಟಿಗೆಯಲ್ಲಿ

2024ರ ಏಪ್ರಿಲಿನಲ್ಲಿ, ಅಡಿಕೆ ಕೆಲಸ ಮುಗಿದ ಮೇಲೆ ಶುರು. ಹಟ್ಟಿಯ ಮತ್ತಿ ಮರದ ತೊಲೆಗೆ ಇಕ್ಕೆಲದಲ್ಲಿ ಕಂಬದ ಆಸರೆ ಕೊಟ್ಟು, ಬಾವಿಯಿಂದ ಪಂಪ್ ಎತ್ತುವ ನನ್ನ ಚೈನ್ ಬ್ಲಾಕನ್ನೇ ತೂಗುಹಾಕಿದೆವು. ನೆರೆಯವರೊಬ್ಬರು ಮೂರು ಅಡಿಕೆ ಮರ ಕಟ್ಟಿ ಮುಕ್ಕಾಲಿ ಮಾಡುವಾ ಎಂದಿದ್ದರು. ಬೇಡ. ಅಡಿಕೆ ಮರ ನೆಟ್ಟಗೆ ನಿಂತಾಗ ಎಷ್ಟು ಗಟ್ಟಿಯೋ, ಓರೆಯಾಗಿ ಭಾರ ಹೊರುವಾಗ ಅಷ್ಟೇ ಮೋಸ. ಎಂಜಿನ್ ನೂರೈವತ್ತು ಕೆಜಿಗೂ ಮೇಲೆ ತೂಗುತ್ತದೆ, ಕಾಲ ಮೇಲೆ ಬಿದ್ದರೆ ಕಾಲೇ ಇಲ್ಲ.

ಬಾನೆಟ್ಟು, ರೇಡಿಯೇಟರ್ ತೆಗೆದು, ಗೇರ್‌ಬಾಕ್ಸಿಗೆ ಕೆಳಗಿಂದ ಜಾಕಿ ಕೊಟ್ಟು, ಎಂಜಿನ್ ಒಂದನ್ನೇ ಮುಂದಕ್ಕೆಳೆದು ಎತ್ತಿದೆವು. ಎಂಟು ಟ್ಯಾಪೆಟ್ಟುಗಳು ವಾಲ್ವ್ ತೆರೆಸುವ ಕ್ಯಾಮಿನ ಜೊತೆ ಸವೆದು ಜೋಡಿಯಾಗಿರುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ. ಒಂದು ಅಡಿಕೆ ಹಾಳೆಗೆ ಎಂಟು ತೂತು ಕೊರೆದು, ನಂಬರ್ ಬರೆದು ನಿಲ್ಲಿಸಿದೆ. ಪುಶ್ ರಾಡುಗಳಿಗೂ ಅದೇ. ಹಿಂದಿನ ಮೇನ್ ಬೇರಿಂಗಿನ ಟೋಪಿ ಮಾತ್ರ ಅರ್ಧ ದಿನ ತಿಂದಿತು. ಅದು ಬ್ಲಾಕಿನ ಸಂದಿನಲ್ಲಿ ಕಚ್ಚಿ ಕೂತಿರುತ್ತದೆ, ಪಕ್ಕದಿಂದ ಬಡಿದು ಎಬ್ಬಿಸಲು ಹೋದರೆ ಅಂಚು ಒಡೆಯುತ್ತದೆ. ಪೈಪಿನ ತುಂಡು, ಉದ್ದದ ಬೋಲ್ಟು, ದಪ್ಪ ಪಟ್ಟಿ ಸೇರಿಸಿ ಒಂದು ಪುಲ್ಲರ್ ಮಾಡಿ ಸೀದಾ ಮೇಲಕ್ಕೆಳೆದೆವು.

ಮೂರನೇ ಸಿಲಿಂಡರ್ ನೋಡಿದ ಮೇಲೆ ನವೆಂಬರಿನ ಆ ಕರ್ರ್ ಸದ್ದು ಅರ್ಥವಾಯಿತು. ಬೋರಿನ (ಸಿಲಿಂಡರಿನ ಒಳಗೋಡೆ) ನಡುವಿಗೆ ಒಂದು ಬೆರಳಗಲದ ತುಕ್ಕಿನ ಪಟ್ಟಿ, ಉಗುರು ಸಿಕ್ಕುವಷ್ಟು ಆಳದ ಗುಳಿಗಳು. ಎರಡನೇ ರಿಂಗು ಎರಡು ತುಂಡು. 2009ರಲ್ಲಿ ಎಂಜಿನ್ ನಿಂತ ಗಳಿಗೆಯಲ್ಲಿ ಆ ಸಿಲಿಂಡರಿನ ವಾಲ್ವ್ ತೆರೆದೇ ಉಳಿದಿರಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಎಲ್ಲೇ ನಿಂತರೂ ಯಾವುದಾದರೊಂದರ ವಾಲ್ವ್ ತೆರೆದಿರುತ್ತದೆ. ಹದಿನಾಲ್ಕು ಮಳೆಗಾಲದ ಉಪ್ಪುಗಾಳಿ ಅದರೊಳಕ್ಕೆ ಹೋಗಿ ಬಂದು ಮಾಡಿದೆ. ರಿಂಗು ತುಕ್ಕಿಗೆ ಅಂಟಿ ಕೂತಿದ್ದಾಗ ನಾವು ನಾಲ್ಕು ಜನ ಕಾರನ್ನು ಎಳೆದಾಡಿದೆವು. ಅದಕ್ಕೂ ಒಂದು ವಾರ ಮೊದಲು ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು, ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿದ್ದರೆ ಆ ರಿಂಗು ಉಳಿಯುತ್ತಿತ್ತೋ ಏನೋ. ಗುಳಿ ಹೇಗೂ ಇದ್ದೇ ಇತ್ತು.

ನಾಲ್ಕನೆಯ ಎಕ್ಸಾಸ್ಟ್ ವಾಲ್ವಿನ ಕತೆ ಬೇರೆ. 0.38 ಮಿಲಿಮೀಟರ್ ಇರಬೇಕಾದ ಟ್ಯಾಪೆಟ್ ಸಂದು ಶೂನ್ಯವಾಗಿತ್ತು. ವಾಲ್ವ್ ತನ್ನ ಸೀಟನ್ನು ತಿನ್ನುತ್ತ ಹೆಡ್ಡಿನೊಳಕ್ಕೆ ಇಳಿದಿತ್ತು. ಈ ಹೆಡ್ಡು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ಸೀಸ ಎಕ್ಸಾಸ್ಟ್ ಸೀಟಿನ ಮೇಲೆ ತೆಳುವಾಗಿ ಕೂತು ಮೆತ್ತೆಯಾಗುತ್ತಿತ್ತು. ದೇಶದಲ್ಲಿ 2000ದಿಂದ ಸೀಸದ ಪೆಟ್ರೋಲ್ ನಿಂತಿತು, ಜನರ ಆರೋಗ್ಯಕ್ಕೆ ಆದದ್ದು ಒಳ್ಳೆಯದೇ. ಮೆದು ಬೀಡಿನ ಸೀಟು ಮಾತ್ರ ಒಂಬತ್ತು ವರ್ಷ ಮೆತ್ತೆಯಿಲ್ಲದೆ ಬಡಿಸಿಕೊಂಡಿತ್ತು.

ಬ್ಲಾಕಿನ ಪಕ್ಕದ ಕೋರ್ ಪ್ಲಗ್ಗುಗಳನ್ನು (ನೀರಿನ ದಾರಿಯ ತೂತು ಮುಚ್ಚುವ ತಗಡಿನ ಬಿಲ್ಲೆ) ಸ್ಕ್ರೂಡ್ರೈವರಿನಿಂದ ಮುಟ್ಟಿದರೆ ಬಿಸ್ಕತ್ತಿನ ಹಾಗೆ ಮುರಿದವು. ಒಳಗೆಲ್ಲ ಕೆಂಪು ರಾಡಿ. ಸವುಳು ನೀರನ್ನೇ ರೇಡಿಯೇಟರಿಗೆ ಸುರಿಯುತ್ತಿದ್ದದ್ದರ ಫಲ. ಅಪ್ಪಯ್ಯ ನೋಡಿ, "ಅದೇ ನೀರು ನಂಗನೂ ಕುಡಿದ್ಯ" ಎಂದು ಹೋದ.

ಹುಬ್ಬಳ್ಳಿ, ಮತ್ತೆ ಮಳೆ

ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗು ಮನೆಯಲ್ಲಿ ಆಗುವ ಕೆಲಸವಲ್ಲ. ಬ್ಲಾಕು ಮತ್ತು ಹೆಡ್ಡು ತೆಂಗಿನಕಾಯಿ ಒಯ್ಯುವ ಟೆಂಪೊದಲ್ಲಿ ಹುಬ್ಬಳ್ಳಿಗೆ ಹೋದವು. ಕ್ರ್ಯಾಂಕನ್ನು ಗೋಣಿಯಲ್ಲಿ ಸುತ್ತಿ ನಾನು ಬಸ್ಸಿನಲ್ಲಿ ಒಯ್ದೆ. ಕಂಡಕ್ಟರು ಕಾಲಿನಿಂದ ಸರಿಸಲು ನೋಡಿ, "ಏನ್ ಹೇರ್ಕೊಂಡ್ ಬಂದೀರಿ, ಕಲ್ಲೇನ್ರಿ?" ಎಂದು ಲಗೇಜ್ ಟಿಕೆಟ್ ಹರಿದ.

ಮೂರನೇ ಬೋರು ಮೇಲ್ಭಾಗದಲ್ಲಿ 0.21 ಮಿಲಿಮೀಟರ್ ಸವೆದಿತ್ತು. ಮೂಲ ಅಳತೆ 73.025. ಮೊದಲ ಓವರ್‌ಸೈಜ್ (ದೊಡ್ಡ ಅಳತೆಯ ಪಿಸ್ಟನ್) ಸುಮಾರು ಕಾಲು ಮಿಲಿಮೀಟರ್, ಲೆಕ್ಕದಲ್ಲಿ ಸಾಕು ಅನ್ನಿಸುತ್ತದೆ. ಆದರೆ ಸವೆತ ಸುತ್ತಲೂ ಸಮ ಇರುವುದಿಲ್ಲ, ಒಂದು ಬದಿಗೇ ಹೆಚ್ಚು. ಹಳೇ ಮಧ್ಯಬಿಂದು ಹಿಡಿದು ಕೊರೆದರೆ ಆ ಬದಿಯ ಗುಳಿ ಉಳಿದುಬಿಡುತ್ತದೆ. ಹಾಗಾಗಿ ನಾಲ್ಕಕ್ಕೂ ಅರ್ಧ ಮಿಲಿಮೀಟರಿನ ಓವರ್‌ಸೈಜ್. ಪಿಸ್ಟನ್ನು ಕೈಗೆ ಬಂದ ಮೇಲೆಯೇ ಬೋರ್ ಹೊಡೆಸಬೇಕು, ಒಂದೊಂದು ಪಿಸ್ಟನ್ನನ್ನೂ ಅಳೆದು ಅದಕ್ಕೆ ತಕ್ಕ ಬೋರು. ಹಳೇ ಸ್ಟಾಕಿನ ಪಿಸ್ಟನ್ ಸೆಟ್ ಹುಡುಕಲು ಹದಿನೈದು ದಿನ ಹೋಯಿತು. ಎಕ್ಸಾಸ್ಟ್ ಸೀಟುಗಳನ್ನು ಕೊರೆದು ಗಟ್ಟಿ ಉಕ್ಕಿನ ಉಂಗುರ ಕೂರಿಸಿದರು, ಗೈಡುಗಳೂ ಹೊಸತು. ಕ್ರ್ಯಾಂಕ್ ಗ್ರೈಂಡರಿಗೆ ನಾನು ಮೂರು ಸಲ ಹೇಳಿದ ಮಾತು ಒಂದೇ: ಹಿಂದಿನ ಸುರುಳಿಗೆ ಕಲ್ಲು ತಾಗಿಸಬೇಡಿ, ಎಮರಿ ಪೇಪರನ್ನೂ ಹಚ್ಚಬೇಡಿ. ಅದರ ಅಂಚು ಚೂಪಾಗಿದ್ದಷ್ಟೂ ಎಣ್ಣೆಯನ್ನು ಚೆನ್ನಾಗಿ ಹಿಂದಕ್ಕೆ ತಳ್ಳುತ್ತದೆ. ಪುಣ್ಯಕ್ಕೆ ಅದು ಸವೆದಿರಲಿಲ್ಲ. ಸವೆದದ್ದು ಹಿಂದಿನ ಮೇನ್ ಬೇರಿಂಗು. ಅದರಿಂದ ಕ್ರ್ಯಾಂಕು ಕೆಳಕ್ಕೆ ಕೂತು ಸುರುಳಿಯ ಮೇಲ್ಬದಿಯ ಸಂದು ದೊಡ್ಡದಾಗಿತ್ತು. ಜರ್ನಲ್ಲುಗಳನ್ನು (ಕ್ರ್ಯಾಂಕು ಬೇರಿಂಗಿನಲ್ಲಿ ತಿರುಗುವ ಭಾಗ) ಕಾಲು ಮಿಲಿಮೀಟರ್ ಅಂಡರ್‌ಸೈಜಿಗೆ ಇಳಿಸಿ ಹೊಸ ಬೇರಿಂಗು ಹಾಕುವುದೆಂದರೆ ಕ್ರ್ಯಾಂಕನ್ನು ಮತ್ತೆ ಮಧ್ಯಕ್ಕೆ ತರುವುದು. ಹಿಂಬದಿಯ ಸೋರಿಕೆಗೆ ನಾವು ಮಾಡಿದ ನಿಜವಾದ ಸೀಲಿಂಗ್ ಕೆಲಸ ಇದೇ.

ಬ್ಲಾಕು ಜೂನ್ ಮಧ್ಯಕ್ಕೆ ಮನೆಗೆ ಬಂತು, ಕ್ರ್ಯಾಂಕು ಇನ್ನೂ ಸಾಲಿನಲ್ಲಿತ್ತು. ಹೋನಿಂಗ್ ಮಾಡಿದ (ಕಲ್ಲಿನಿಂದ ಉಜ್ಜಿದ) ಬೋರಿನಲ್ಲಿ ಕಲ್ಲಿನ ಪುಡಿ ಕೂತಿರುತ್ತದೆ, ಸೀಮೆಎಣ್ಣೆ, ಡೀಸೆಲ್ಲಿಗೆ ಅದು ಹೋಗುವುದಿಲ್ಲ. ಬಿಸಿನೀರು, ಪಾತ್ರೆ ಸೋಪು, ಬ್ರಷ್ಷು ಬೇಕು. ಬಚ್ಚಲ ಹಂಡೆಯ ಕುದಿನೀರು ಅದಕ್ಕೆ ಹೇಳಿ ಮಾಡಿಸಿದ್ದು. ಆಯಿ ಬಾಗಿಲಲ್ಲಿ ನಿಂತು ಗೊಣಗಿದಳು, ಬಚ್ಚಲ ನೀರು ಬಾಳೆಬುಡಕ್ಕೆ ಹೋಗುತ್ತದೆ ಎಂದು. ತೊಳೆದ ನೀರನ್ನೆಲ್ಲ ಬಕೆಟ್ಟಿಗೆ ಹಿಡಿದು ಬೇರೆ ಕಡೆ ಚೆಲ್ಲುವ ಕರಾರಿನ ಮೇಲೆ ಅಪ್ಪಣೆ ಸಿಕ್ಕಿತು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಬರುವುದು ನಿಲ್ಲುವವರೆಗೆ ತೊಳೆದೆವು. ಹತ್ತೇ ನಿಮಿಷ ಚಹಾ ಕುಡಿದು ಬಂದು ಮತ್ತೆ ಒರೆಸಿದರೆ ಬಟ್ಟೆ ಕಂದು. ತುಕ್ಕು! ಜೂನ್ ತಿಂಗಳ ಕರಾವಳಿಯಲ್ಲಿ ಬರಿ ಕಬ್ಬಿಣಕ್ಕೆ ಹತ್ತು ನಿಮಿಷದ ಆಯುಸ್ಸು. ಮತ್ತೆ ತೊಳೆದು, ಒಬ್ಬ ಒರೆಸುತ್ತಿದ್ದ ಹಾಗೇ ಇನ್ನೊಬ್ಬ ಎಣ್ಣೆ ಹಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದೆವು.

ಕ್ರ್ಯಾಂಕ್ ತರಲು ಹೊರಡಬೇಕೆಂದಿದ್ದ ವಾರ, ಜುಲೈ 16ಕ್ಕೆ, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಗಂಗಾವಳಿಯಲ್ಲಿ ಹುಡುಕಾಟ ನಡೆದಿರುವಾಗ ಕಾರಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬ್ಲಾಕು ಹಟ್ಟಿಯ ಮೂಲೆಯಲ್ಲಿ ಇತ್ತು. ನಾಲ್ಕು ದಿನಕ್ಕೊಮ್ಮೆ ಪ್ಲಾಸ್ಟಿಕ್ ಬಿಚ್ಚಿ, ಎಣ್ಣೆ ಹಚ್ಚಿ ಕಟ್ಟುವುದಷ್ಟೇ ನನ್ನ ಕೆಲಸ. ಪಿಸ್ಟನ್, ಬೇರಿಂಗು, ವಾಲ್ವುಗಳನ್ನು ಡಬ್ಬಿಗಳಲ್ಲಿ ಹಾಕಿ ಅಡಿಗೆಮನೆಯ ಮೇಲಿನ ಅಟ್ಟದಲ್ಲಿಟ್ಟೆ, ಒಲೆಯ ಬಿಸಿಗೆ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ. ಕ್ರ್ಯಾಂಕು ಬಂದದ್ದು ಆಗಸ್ಟ್ ಕೊನೆಗೆ.

ಜೋಡಣೆ

ಮಳೆ ಬಿಟ್ಟ ದಿನಗಳನ್ನು ಹುಡುಕಿ ಸೆಪ್ಟೆಂಬರಿನಲ್ಲಿ ಜೋಡಿಸಿದೆವು. ಬೇರಿಂಗಿನ ಸಂದು ಅಳೆಯಲು ಪ್ಲಾಸ್ಟಿಗೇಜ್ ತರಿಸಿದ್ದೆ. ಮೇಣದ ದಾರದಂಥ ಅದನ್ನು ಜರ್ನಲ್ಲಿನ ಮೇಲಿಟ್ಟು ಟೋಪಿ ಬಿಗಿದು ಬಿಚ್ಚಿದರೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆಯೋ ಅದರಿಂದ ಸಂದು ಗೊತ್ತಾಗುತ್ತದೆ. ನಮ್ಮದು 0.04 ಮಿಲಿಮೀಟರ್. ಮೇಸ್ತ್ರಿಗೆ ಈ ದಾರದ ಮೇಲೆ ನಂಬಿಕೆ ಇರಲಿಲ್ಲ. ಎಷ್ಟು ಬಲಕ್ಕೆ ಬಿಗಿದೆಯೆಂದು ತಿಳಿಸುವ ಟಾರ್ಕ್ ಪಾನದ (ಸ್ಪ್ಯಾನರ್) ಮೇಲೂ. ಮೇನ್ ಬೇರಿಂಗು 70 ಪೌಂಡ್ ಅಡಿ, ಬಿಗ್ ಎಂಡ್ (ಪಿಸ್ಟನ್ ರಾಡು ಕ್ರ್ಯಾಂಕಿಗೆ ಸೇರುವ ಕಡೆ) 35, ಹೆಡ್ಡು 45 ಎಂದು ನಾನು ಚೀಟಿ ಅಂಟಿಸಿಕೊಂಡಿದ್ದೆ. ಒಂದು ಹೆಡ್ ನಟ್ಟನ್ನು ಅವರು ಕೈ ಅಂದಾಜಿನಲ್ಲಿ ಬಿಗಿದು, ಈಗ ನಿನ್ನ ಪಾನ ಹಾಕು ಎಂದರು. 43ಕ್ಕೆ ಕ್ಲಿಕ್ ಎಂದಿತು. ಅವರು ಏನೂ ಹೇಳಲಿಲ್ಲ, ಬೀಡಿ ಹಚ್ಚಿದರು. ಹತ್ತನೆಯ ನಟ್ಟಿನ ಹೊತ್ತಿಗೆ ಕೈ ಸೋತು 36ಕ್ಕೆ ಇಳಿದಿತ್ತು, ಅದನ್ನೂ ಇಬ್ಬರೂ ನೋಡಿದೆವು.

ರಿಂಗುಗಳನ್ನು ಒಂದೊಂದಾಗಿ ಬೋರಿನೊಳಗಿಟ್ಟು ಬಾಯಿಯ ಸಂದು ನೋಡಿದೆ. ಈ ಅಳತೆಯ ಬೋರಿಗೆ ಕಾಲು ಮಿಲಿಮೀಟರಿನ ಆಸುಪಾಸು ಬೇಕು. ವಾಲ್ವಿನ ಕಡ್ಡಿಗೆ ಬರುವ ಪುಟ್ಟ ರಬ್ಬರ್ ರಿಂಗಿಗೂ ಕ್ರಮವಿದೆ: ಸ್ಪ್ರಿಂಗನ್ನು ಒತ್ತಿ ಹಿಡಿದ ಮೇಲೆ ಎಣ್ಣೆಯಲ್ಲಿ ನೆನೆಸಿದ ರಿಂಗನ್ನು ತೂರಿಸಿ, ಆಮೇಲೆ ಲಾಕ್ ಹಾಕಬೇಕು. ಮೊದಲೇ ಹಾಕಿಟ್ಟರೆ ಮೇಲಿನ ಬಟ್ಟಲು ಅದನ್ನು ಕತ್ತರಿಸುತ್ತದೆ. ಬಿಚ್ಚುವಾಗ ಸಿಕ್ಕ ಹಳೆಯವು ಬಳೆಚೂರಿನಂತೆ ಮುರಿದಿದ್ದವು, ದೇವಿಮನೆಯ ಹೊಗೆ ಅಲ್ಲಿಂದ.

ಕೆಳಗಿನ ಚೇಂಬರ್ ತೆಳು ತಗಡಿನದು. ವರ್ಷಗಟ್ಟಲೆ ಸೋರುತ್ತಿದೆ ಎಂದು ಬಿಗಿದು ಬಿಗಿದು ಬೋಲ್ಟಿನ ತೂತುಗಳ ಸುತ್ತ ತಗಡು ಒಳಕ್ಕೆ ಗುಳಿ ಬಿದ್ದಿತ್ತು. ಅಂಥ ಅಂಚಿಗೆ ಎಂಥ ಕಾರ್ಕ್ ಹಾಕಿದರೂ ಬೋಲ್ಟಿನ ಹತ್ತಿರ ಹಿಸುಕುತ್ತದೆ, ಎರಡು ಬೋಲ್ಟಿನ ನಡುವೆ ಸಡಿಲ. ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಮಟ್ಟ ಮಾಡಿದೆ. ಹಿಂದೆ ಮುಂದೆ ಬರುವ ಕಾರ್ಕ್ ಪಟ್ಟಿಗಳನ್ನು ನೆನೆಸಿ ಬಾಗಿಸಿ, ತುದಿ ಒಂದಿಷ್ಟು ಮೇಲೆ ಉಳಿಯುವಂತೆ ಬಿಟ್ಟೆ. ಮುಂದಿನ ಟೈಮಿಂಗ್ ಕವರಿನ ಸೀಲ್ ಹೊಸತು. ಕವರನ್ನು ಸಡಿಲವಾಗಿಟ್ಟು, ಪುಲ್ಲಿಯನ್ನು ತೂರಿಸಿ ಕವರ್ ತಾನೇ ಮಧ್ಯಕ್ಕೆ ಬಂದ ಮೇಲೆ ಬೋಲ್ಟು ಬಿಗಿದದ್ದು. ಪೆಟ್ರೋಲ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿದೆ.

ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಇಷ್ಟೆಲ್ಲ ಮಾಡಿ ಮತ್ತೆ ಸೋರಿದರೆ? ಯಾರೂ ಇಲ್ಲದಾಗ ಚೇಂಬರ್ ಅಂಚಿಗೆ ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಬಳಿದೆ. ಕಾರ್ಕ್ ಮೇಲೆ, ಕೆಳಗೆ, ಮೂಲೆಗಳಲ್ಲಿ ಎರಡು ಪದರ.

ಪ್ಲಗ್ಗಿಲ್ಲದೆ ಸೆಲ್ಫ್ ತಿರುಗಿಸಿ ಎಣ್ಣೆಯ ಒತ್ತಡ ಬಂದದ್ದು ಖಾತ್ರಿಯಾದ ಮೇಲೆ ಪ್ಲಗ್ ಹಾಕಿ ಶುರು ಮಾಡಿದೆವು. ಮೇಸ್ತ್ರಿ ಉದ್ದದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಸುತ್ತ ಕೇಳಿ ತಲೆಯಾಡಿಸಿದರು. ಎಣ್ಣೆಯ ಒತ್ತಡದ ಗೇಜು 55. ಬಿಸಿಯಾದಾಗ ನಿಧಾನ ಓಟದಲ್ಲಿ 22. ಅಂಕೋಲಾ ಕಡೆ ಸಪಾಟು ಹೆದ್ದಾರಿಯಲ್ಲಿ 50ರ ಮೇಲೆ ಹೋಗದೆ, ವೇಗವನ್ನು ಏರಿಸುತ್ತ ಇಳಿಸುತ್ತ ಓಡಿಸಿದೆ. 120 ಕಿಲೋಮೀಟರ್ ಆದಾಗ ಬಿಸಿ ಎಂಜಿನ್ನಿನಲ್ಲಿ ಗೇಜು 22ರಿಂದ 8ಕ್ಕೆ ಇಳಿಯಿತು. ಅಲ್ಲೇ ನಿಲ್ಲಿಸಿ, ಕಟ್ಟಿ ಎಳೆಸಿಕೊಂಡು ಬಂದೆ.

ಚೇಂಬರ್ ಬಿಚ್ಚಿದರೆ ಎಣ್ಣೆ ಪಂಪಿನ ಜಾಳಿಗೆಯಲ್ಲಿ ಶ್ಯಾವಿಗೆ! ಅಂಚಿನಿಂದ ಒಳಕ್ಕೆ ಹಿಸುಕಿ ಬಂದ ಸಿಲಿಕೋನ್ ಎಳೆಎಳೆಯಾಗಿ ಹರಿದು, ಪಂಪ್ ಹೀರುವ ಬಾಯಿಗೆ ಸುತ್ತಿಕೊಂಡಿತ್ತು. ಮೇಸ್ತ್ರಿ ಒಂದು ಎಳೆ ಎತ್ತಿ ಹಿಡಿದು ಕೇಳಿದರು, "ಇದ್ಯಾವ ಕಂಪನಿ ರಿಂಗು?" ಬೇರಿಂಗುಗಳನ್ನು ಬಿಚ್ಚಿ ನೋಡಿದೆವು, ಪುಣ್ಯಕ್ಕೆ ಗೀರಿರಲಿಲ್ಲ. ಎಲ್ಲ ಕೆರೆದು ತೆಗೆದು, ಕಾರ್ಕಿಗೆ ತೆಳುವಾಗಿ ಗ್ರೀಸ್ ಸವರಿ, ಸಿಲಿಕೋನನ್ನು ನಾಲ್ಕು ಮೂಲೆಗೆ ಮಾತ್ರ ಜೋಳದ ಕಾಳಿನಷ್ಟು ಇಟ್ಟು ಮುಚ್ಚಿದೆ.

ಈಗಿನ ಸ್ಥಿತಿ

ಹುಬ್ಬಳ್ಳಿಯ ಕೆಲಸಕ್ಕೆ 17,500 ರೂಪಾಯಿ, ಪಿಸ್ಟನ್, ಬೇರಿಂಗ್, ಪ್ಯಾಕಿಂಗ್ ಸೆಟ್ಟಿಗೆ 21,000, ಉಳಿದದ್ದು ಎಣ್ಣೆ, ಬಾಡಿಗೆ, ಓಡಾಟ. ಮೇಸ್ತ್ರಿ ಹಣ ಮುಟ್ಟಲಿಲ್ಲ, ಒಂದು ಗೊನೆ ಮಿಟ್ಲಿ ಬಾಳೆಹಣ್ಣು ಒಯ್ದರು. 500 ಕಿಲೋಮೀಟರಿಗೆ ಎಣ್ಣೆ ಬದಲಿಸಿ, ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ ಮತ್ತೊಮ್ಮೆ ಬಿಗಿದು, ಟ್ಯಾಪೆಟ್ ಸಂದು ಸರಿಪಡಿಸಿದೆ. 2000 ಆದಾಗ ಕಂಪ್ರೆಷನ್ ನಾಲ್ಕರಲ್ಲೂ 140ರ ಆಸುಪಾಸು. ನೀರಿನ ನಳಿಕೆಯಲ್ಲಿ ವ್ಯತ್ಯಾಸ ಅರ್ಧ ಸೆಂಟಿಮೀಟರ್. ರೇಡಿಯೇಟರಿಗೆ ಈಗ ಕೂಲಂಟು.

ಹಿಂದಿನಿಂದ ರಾತ್ರಿಗೆ ನಾಲ್ಕೈದು ಹನಿ ಬೀಳುತ್ತದೆ, ಮೂತಿ ಮೇಲೆ ಮಾಡಿ ಏರಿನಲ್ಲಿ ನಿಲ್ಲಿಸಿದರೆ ಇನ್ನೆರಡು. ಗ್ಲ್ಯಾಂಡಿನ ಲೆಕ್ಕದಲ್ಲಿ ಇದು ಸರಿಯೇ ಎಂದು ನಾನು ಬಿಟ್ಟಿದ್ದೇನೆ. ಅಪ್ಪಯ್ಯನಿಗೆ ಮಾತ್ರ ಗೇಟಿಗೆ ಎಣ್ಣೆ ಸಾಲುತ್ತಿಲ್ಲ.

ಬ್ರೀದರ್ ಪೈಪಿನ ಬಾಯಿಗೆ ಸಣ್ಣ ತಂತಿ ಜಾಳಿಗೆ ಕಟ್ಟಿದ್ದೇನೆ. ಮೊನ್ನೆ ನೋಡಿದರೆ ಕುಂಬಾರ ಹುಳ ಡಿಕ್ಕಿಯ ಬೀಗದ ಕಿಂಡಿಗೆ ಮಣ್ಣು ತರುತ್ತಿದೆ.